ಚೀಲದೊಳಗಿನ ಬೇರು ನಮಗೆ ಕಾಣುವುದಿಲ್ಲ: ನರ್ಸರಿ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಗೌರವಾನ್ವಿತ ನರ್ಸರಿ ಮಾಲೀಕರೇ, ಸರ್ಕಾರಿ ಸಸ್ಯಕ್ಷೇತ್ರಗಳ ಅಧಿಕಾರಿಗಳೇ, ಬೆಳಗ್ಗೆಯಿಂದ ಸಂಜೆವರೆಗೂ ಅಲ್ಲಿ ಚೀಲಕ್ಕೆ ಮಣ್ಣು ತುಂಬುವ, ನೀರು ಹಾಕುವ ಅಕ್ಕ ಅಣ್ಣಂದಿರೇ,

ನಮಸ್ಕಾರ.

ನಾನು ತುಮಕೂರಿನವಳು. 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ನಮ್ಮದು 40-60ರ ಸೈಟು. ಮನೆ ಕಟ್ಟಿಸುವಾಗ ಎಲ್ಲರೂ ಬೈದರೂ ಹಿಂದೆ ಮುಂದೆ ಜಾಗ ಬಿಡಿಸಿಕೊಂಡೆ, ಮರ ಬೆಳೆಸಬೇಕು ಅಂತಲೇ. 2009ರಿಂದ ಇಲ್ಲಿಯವರೆಗೆ ಎಷ್ಟೋ ಸಸಿ ಕೊಂಡು ತಂದಿದ್ದೇನೆ. ಸರ್ಕಾರಿ ಸಸ್ಯಕ್ಷೇತ್ರದಿಂದಲೂ ತಂದಿದ್ದೇನೆ, ಹೆದ್ದಾರಿ ಪಕ್ಕದ ಖಾಸಗಿ ನರ್ಸರಿಗಳಿಂದಲೂ ತಂದಿದ್ದೇನೆ. ಕೆಲವು ಬದುಕಿದವು, ಕೆಲವು ಸತ್ತವು. ಸತ್ತಿದ್ದಕ್ಕೆ ನನಗೆ ದೂರಿಲ್ಲ. ಗಿಡ ಅಂದಮೇಲೆ ಅದೆಲ್ಲ ಇದ್ದದ್ದೇ. ನನ್ನ ದೂರು ಚೀಲದೊಳಗೇ ಬೇರು ಸುತ್ತಿಕೊಂಡ ಹಳೇ ಸಸಿಗಳ ಬಗ್ಗೆ, ತಪ್ಪು ಹೆಸರಿನಲ್ಲಿ ಮಾರುವ ಸಸಿಗಳ ಬಗ್ಗೆ.

ಈ ಪತ್ರ ಯಾವುದೋ ಒಂದು ನರ್ಸರಿಯ ಮೇಲೆ ಬರೆದದ್ದಲ್ಲ, ಹಾಗಾಗಿ ಯಾರ ಹೆಸರನ್ನೂ ಹೇಳುತ್ತಿಲ್ಲ. ನಾನು ಕಂಡಿದ್ದನ್ನು ಬೇರೆ ಬೇರೆ ಊರಿನ ನೆಂಟರು, ಹಳೆಯ ವಿದ್ಯಾರ್ಥಿಗಳು ತಾವೂ ಕಂಡಿದ್ದೇವೆ ಅಂದಿದ್ದಾರೆ. ಅದಕ್ಕೇ ನಿಮ್ಮೆಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

2023ರ ಮೇ ತಿಂಗಳ ಒಂದು ಸಂಜೆ. ಮುಂಗಾರಿಗೆ ಮುಂಚಿನ ಮಳೆ. ಗಾಳಿ ಜೋರಾಗಿಯೇ ಇತ್ತು, ಆದರೆ ನಾವು ಕಾಣದ ಗಾಳಿಯೇನಲ್ಲ. ನಮ್ಮ ಗೇಟಿನ ಪಕ್ಕದ ಹೊಳೆದಾಸವಾಳದ ಮರ ಬುಡಸಮೇತ ಮಗುಚಿ ಬಿತ್ತು. 9 ವರ್ಷದ ಮರ. ಆಗಷ್ಟೇ ಮೈತುಂಬಾ ನೇರಳೆ ಬಣ್ಣದ ಹೂ ಬಿಟ್ಟಿತ್ತು. ಬಿದ್ದಿದ್ದು ಪಕ್ಕದ ಮನೆಯ ಕಾಂಪೌಂಡಿನ ಮೇಲೆ. ಗೋಡೆ ಒಡೆಯಿತು, ಒಳಗೆ ನಿಲ್ಲಿಸಿದ್ದ ಸ್ಕೂಟರ್ ಜಜ್ಜಿಹೋಯಿತು. ಹತ್ತು ನಿಮಿಷ ಮುಂಚೆ ಆ ಮನೆಯ ಮಗು ಅದೇ ಜಾಗದಲ್ಲಿ ಸೈಕಲ್ ಹೊಡೆಯುತ್ತಿತ್ತು. ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಮರುದಿನ ಮರ ಕೊಯ್ಯಲು ಬಂದವನು ಬುಡವನ್ನು ತಿರುಗಿಸಿ ಹಾಕಿ, “ನೋಡಿ ಮೇಡಂ, ಇದಕ್ಕೆ ಬೇರೇ ಇಲ್ಲ” ಅಂದ. ನಾನು ಪಕ್ಕದಲ್ಲಿ ಕೂತು ಮಣ್ಣು ಕೆರೆದು ನೋಡಿದೆ. ಬೇರು ಇತ್ತು, ಆದರೆ ಭೂಮಿಗೆ ಇಳಿದಿರಲಿಲ್ಲ. ನೀರಿನ ಕೊಡ ಹೊರುವಾಗ ತಲೆ ಮೇಲೆ ಸಿಂಬೆ ಇಟ್ಟುಕೊಳ್ಳುತ್ತಾರಲ್ಲ, ಥೇಟ್ ಹಾಗೆ. ಮಣಿಕಟ್ಟಿನ ದಪ್ಪದ ಬೇರುಗಳು ಒಂದರ ಮೇಲೊಂದು ಸುತ್ತಿಕೊಂಡು, ಒಂದನ್ನೊಂದು ಬಿಗಿದು, ಬೆಸೆದುಹೋಗಿದ್ದವು. ಟೇಪು ತಂದು ಅಳೆದೆ. ಒಳಗಿನ ಸುತ್ತಿನ ಅಗಲ 5 ಇಂಚು. 2014ರಲ್ಲಿ ಆ ಸಸಿ ಬಂದಿದ್ದು 8-12 ಇಂಚಿನ ಚೀಲದಲ್ಲಿ. ಮಣ್ಣು ತುಂಬಿ ನಿಲ್ಲಿಸಿದರೆ ಆ ಚೀಲದ ಅಗಲ ಹೆಚ್ಚುಕಮ್ಮಿ ಅಷ್ಟೇ. 9 ವರ್ಷ ಆದರೂ ಮರ ಚೀಲದಿಂದ ಹೊರಗೆ ಬಂದೇ ಇರಲಿಲ್ಲ. ಸುರುಳಿಯ ಸಂದಿಗೆ ಬೆರಳು ಹಾಕಿದರೆ ಕಪ್ಪು ಪ್ಲಾಸ್ಟಿಕ್ಕಿನ ಒಂದು ಚೂರು ಸಿಕ್ಕಿತು. ಗಿಡ ನೆಟ್ಟುಕೊಟ್ಟಿದ್ದು ನರ್ಸರಿಯಿಂದಲೇ ಬಂದಿದ್ದ ಹುಡುಗ. ಅವತ್ತು ಅವನು ಚೀಲದ ತಳ ಮಾತ್ರ ಬ್ಲೇಡಿನಲ್ಲಿ ಸೀಳಿ ಗುಂಡಿಗೆ ಇಳಿಸಿದ್ದ. ನಾನು ಪಕ್ಕದಲ್ಲೇ ನಿಂತಿದ್ದೆ. ಗೊತ್ತಿದ್ದವನು ಮಾಡುತ್ತಿದ್ದಾನೆ ಅಂದುಕೊಂಡು ಸುಮ್ನೆ ನೋಡಿದೆ.

ಇದು ಹೇಗಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಈ ಪತ್ರ ಓದುವ ಬೇರೆಯವರಿಗೂ ತಿಳಿಯಲಿ. ಬೀಜ ಮೊಳೆತ ಕೂಡಲೇ ತಾಯಿಬೇರು ಕೆಳಗೆ ಇಳಿಯಲು ಹೊರಡುತ್ತದೆ. ಚೀಲದ ತಳ ಅಡ್ಡ ಬಂದಾಗ ತಿರುಗುತ್ತದೆ. ದಾರಿ ಸಿಗದೆ ಸುತ್ತುತ್ತದೆ. ಒಂದು ಮಳೆಗಾಲದೊಳಗೆ ನೆಟ್ಟರೆ ಪರವಾಗಿಲ್ಲ, ಬೇರು ಇನ್ನೂ ಎಳೆಯದಾಗಿರುತ್ತದೆ, ಬಿಡಿಸಿ ಹಾಕಬಹುದು. ಅದೇ ಚೀಲದಲ್ಲಿ ಎರಡು ಮೂರು ವರ್ಷ ಇಟ್ಟರೆ ಆ ಸುತ್ತೇ ಗಟ್ಟಿ ಕಟ್ಟಿಗೆಯಾಗುತ್ತದೆ. ಆಮೇಲೆ ಎಂಥ ಒಳ್ಳೆಯ ಮಣ್ಣಿಗೆ ಹಾಕಿದರೂ ಅದು ನೆಟ್ಟಗಾಗುವುದಿಲ್ಲ, ದಪ್ಪವಾಗುತ್ತಾ ಹೋಗುತ್ತದೆ. ಮೇಲೆ ಮರ ಚೆನ್ನಾಗಿಯೇ ಬೆಳೆಯುತ್ತದೆ, ಹೂ ಬಿಡುತ್ತದೆ, ನೆರಳು ಕೊಡುತ್ತದೆ. ಮನೆಯವರು ಖುಷಿಯಾಗಿರುತ್ತಾರೆ. ರೆಂಬೆಯ ಭಾರ ಬುಡದ ಶಕ್ತಿ ಮೀರಿದ ದಿನ, ಒಂದು ಗಾಳಿಗೆ ಎಲ್ಲ ಮುಗಿಯುತ್ತದೆ.

ಸಿಮೆಂಟ್ ಚೀಲದ ಮೇಲೂ ಯಾವಾಗ ತಯಾರಾಯಿತು ಅಂತ ಮುದ್ರಿಸಿರುತ್ತಾರೆ. ಹಳೇ ಸಿಮೆಂಟ್ ಬೇಡ ಅಂತ ಮೇಸ್ತ್ರಿ ವಾಪಸ್ ಕಳಿಸುತ್ತಾನೆ. ಸಸಿಯ ಚೀಲದ ಮೇಲೆ ಏನೂ ಇರುವುದಿಲ್ಲ. ಕಾಂಡ ದಪ್ಪಗಿದ್ದರೆ ನಾವು ಗಟ್ಟಿ ಗಿಡ ಅಂದುಕೊಂಡು ಜಾಸ್ತಿ ದುಡ್ಡು ಕೊಟ್ಟು ಅದನ್ನೇ ಆರಿಸುತ್ತೇವೆ. ಹೋದ ವರ್ಷ, ಅದರ ಹಿಂದಿನ ವರ್ಷ ಯಾರೂ ಕೊಳ್ಳದೆ ಉಳಿದ ಸಸಿಯೇ ಸಾಲಿನಲ್ಲಿ ಎಲ್ಲಕ್ಕಿಂತ ಚೆಂದ ಕಾಣುತ್ತದೆ. ನಮಗೆ ಎಲೆ ಕಾಣುತ್ತದೆ, ಕಾಂಡ ಕಾಣುತ್ತದೆ, ಬೇರು ಕಾಣುವುದಿಲ್ಲ. ಅದನ್ನು ಬಲ್ಲವರು ನೀವೊಬ್ಬರೇ.

ಮರ ಬಿದ್ದಮೇಲೆ ನಮ್ಮ ಬೀದಿಯಲ್ಲಿ ಆಗಿದ್ದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಹೆಚ್ಚು ನೋವು ಕೊಟ್ಟಿದ್ದು ಅದು. ಪಕ್ಕದ ಮನೆಯವರು ಒಳ್ಳೆಯವರು. ಗೋಡೆ ಕಟ್ಟಿಸಿಕೊಟ್ಟೆವು, ಸ್ಕೂಟರ್ ರಿಪೇರಿ ಮಾಡಿಸಿಕೊಟ್ಟೆವು, ಅವರು ಒಂದು ಕೆಟ್ಟ ಮಾತು ಆಡಲಿಲ್ಲ. ಆದರೆ ಅದೇ ತಿಂಗಳು ತಮ್ಮ ಅಂಗಳದ ಸಂಪಿಗೆ ಮರ ಕಡಿಯಲು ಅರ್ಜಿ ಕೊಟ್ಟರು. “ಟೀಚರೇ, ತಪ್ಪು ತಿಳೀಬೇಡಿ. ಮಗು ಇರೋ ಮನೆ, ಭಯ ಆಗುತ್ತೆ” ಅಂದರು. ಏನು ಹೇಳಲಿ? ಆ ವರ್ಷ ಮುಗಿಯುವುದರೊಳಗೆ ನಮ್ಮ ಅಡ್ಡರಸ್ತೆಯಲ್ಲಿ 4 ಮರ ಹೋದವು. ಬೇಸಿಗೆಯಲ್ಲಿ ಅವುಗಳ ಕೆಳಗೆ ಗಾಡಿ ನಿಲ್ಲಿಸಿಕೊಂಡು ಸೊಪ್ಪು ಮಾರುತ್ತಿದ್ದ ಅಜ್ಜಿ ಈಗ ಬೇರೆ ರಸ್ತೆಗೆ ಹೋಗುತ್ತಾರೆ. ಕೆಟ್ಟ ಬೇರಿನ ಒಂದು ಸಸಿ ನೆಟ್ಟಗಿದ್ದ ನಾಲ್ಕು ಮರಗಳ ಮೇಲಿನ ನಂಬಿಕೆಯನ್ನೂ ಕಳೆಯಿತು. ಮರ ಬಿದ್ದಾಗ ಎಲ್ಲರೂ ಬೈಯುವುದು ಮರವನ್ನೇ, ಅಲ್ವಾ? ಅದು ಬೆಳೆದ ಚೀಲವನ್ನು ಯಾರೂ ಕೇಳುವುದಿಲ್ಲ.

ನಮ್ಮ ರಾಜ್ಯದಲ್ಲಿ 1976ರ ಮರಗಳ ಸಂರಕ್ಷಣಾ ಕಾಯ್ದೆ ಇದೆ. ನಮ್ಮದೇ ಅಂಗಳದಲ್ಲಿ ನಾವೇ ನೀರೆರೆದು ಬೆಳೆಸಿದ ಮರವಾದರೂ, ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವನ್ನು ಬಿಟ್ಟರೆ, ಕಡಿಯಬೇಕಾದಾಗ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಅದು ಇರಬೇಕಾದ ಕಾನೂನು, ನಾನು ಒಪ್ಪುತ್ತೇನೆ. ಆದರೆ ಕಡಿಯುವ ದಿನ ಇಷ್ಟು ವಿಚಾರಿಸುವ ನಾವು, ನೆಡುವ ದಿನ ಒಂದು ಮಾತೂ ವಿಚಾರಿಸುವುದಿಲ್ಲ. ಯಾವ ಮರ, ಎಷ್ಟು ಎತ್ತರ ಹೋಗುತ್ತದೆ, ಗೋಡೆಯಿಂದ ಎಷ್ಟು ದೂರ ಇರಬೇಕು ಅಂತ ಹೇಳುವವರು ಯಾರು? ಆ ಹೊತ್ತಿಗೆ ನಮ್ಮ ಎದುರು ಇರುವವರು ನೀವು ಮಾತ್ರ.

ಇನ್ನು ಹೆಸರಿನ ವಿಷಯ. ಇದು ನಮ್ಮ ಅಮ್ಮನಿಗೆ ಸಂಬಂಧಿಸಿದ್ದು.

ಅಮ್ಮನ ತವರು ತೀರ್ಥಹಳ್ಳಿ ಕಡೆ. ಅವರ ಮನೆಯ ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವ ಕಡೆ, ಒಂದು ಅಶೋಕದ ಮರ ಇತ್ತು. ನಾವು ಇಲ್ಲಿ ಮನೆ ಕಟ್ಟಿದಾಗ ಅಮ್ಮ ಕೇಳಿದ್ದು ಒಂದೇ, “ಒಂದು ಅಶೋಕ ಹಾಕು.” 2009ರಲ್ಲಿ ನರ್ಸರಿಗೆ ಹೋಗಿ ಅಶೋಕ ಬೇಕು ಅಂದೆ. ಒಳ್ಳೆಯ, ನೆಟ್ಟಗಿನ, ಅಂಚು ಅಲೆಅಲೆಯಾದ ಉದ್ದ ಎಲೆಯ ಗಿಡ ಕೊಟ್ಟರು. ಆಟೋದಲ್ಲಿ ತಂದು ಇಳಿಸಿದೆ. ಅಮ್ಮ ಒಂದು ಎಲೆ ಮುಟ್ಟಿ ನೋಡಿ, “ಇದು ಅಶೋಕ ಅಲ್ಲ ಮಾರಾಯ್ತಿ” ಅಂದಳು. ವಾಪಸ್ ಹೋಗಿ ಹೇಳಿದೆ. ಅಲ್ಲಿದ್ದವರು, “ಇದೇ ಅಶೋಕ ಮೇಡಂ, ಎಲ್ಲರೂ ಇದನ್ನೇ ತಗೊಂಡು ಹೋಗ್ತಾರೆ” ಅಂದರು. ಇನ್ನೂ ಎರಡು ಕಡೆ ವಿಚಾರಿಸಿದೆ. ಅಲ್ಲೂ ಅದೇ ಗಿಡ, ಅದೇ ಹೆಸರು.

ಅದು ಕಂಬದ ಅಶೋಕ. ಕಾಂಪೌಂಡಿನ ಉದ್ದಕ್ಕೂ ಸಾಲಾಗಿ, ಕೊಂಬೆ ಕೆಳಗೆ ಬಿಟ್ಟುಕೊಂಡು ನಿಲ್ಲುತ್ತದಲ್ಲ, ಅದು. ಶಾಸ್ತ್ರದ ಹೆಸರು ಪಾಲಿಯಾಲ್ತಿಯ ಲಾಂಗಿಫೋಲಿಯ. ನಿಜವಾದ ಅಶೋಕ, ಜನ ಸೀತಾ ಅಶೋಕ ಅನ್ನುವುದು, ಸರಾಕ ಅಶೋಕ. ಎರಡಕ್ಕೂ ನೆಂಟಸ್ತಿಕೆಯೇ ಇಲ್ಲ. ಸೀತಾ ಅಶೋಕದ ಎಳೆ ಚಿಗುರು ತಾಮ್ರದ ಬಣ್ಣದಲ್ಲಿ ಬಾಡಿದಂತೆ ಜೋತುಬೀಳುತ್ತದೆ. ಹೂ ಹಳೇ ಕೊಂಬೆಗೇ ಗೊಂಚಲಾಗಿ ಅಂಟಿಕೊಂಡು ಅರಳುತ್ತದೆ, ಮೊದಲು ಕಿತ್ತಳೆ, ಆಮೇಲೆ ಕೆಂಪು. ಸಂಜೆ ಹತ್ತಿರ ಹೋದರೆ ನವಿರಾದ ಪರಿಮಳ. ಕಂಬದ ಅಶೋಕದ ಹೂ ಹಸಿರು, ಎಲೆಯ ನಡುವೆ ಕಣ್ಣಿಗೇ ಬೀಳುವುದಿಲ್ಲ. ಅದೂ ನಮ್ಮ ಕಡೆಯದೇ ಮರ, ಅದರ ಹಣ್ಣಿಗೆ ಕೋಗಿಲೆ, ಬಾವಲಿ ಬರುತ್ತವೆ. ಮರದ್ದು ಏನೂ ತಪ್ಪಿಲ್ಲ. ಅದಕ್ಕೇ ನಾನು ಅದನ್ನು ಕೀಳಲಿಲ್ಲ, ಇವತ್ತಿಗೂ ಹಿಂದಿನ ಮೂಲೆಯಲ್ಲಿದೆ.

ಆದರೆ ಹೆಸರು ತಪ್ಪಿದರೆ ನಷ್ಟ ಬರೀ ಹೂವಿನದಲ್ಲ. ಅಶೋಕಾರಿಷ್ಟ ಅನ್ನುವ ಆಯುರ್ವೇದದ ಔಷಧಿಗೆ ಬೇಕಾದ್ದು ಸೀತಾ ಅಶೋಕದ ತೊಗಟೆ. ಅದಕ್ಕೆ ಕಂಬದ ಅಶೋಕದ ತೊಗಟೆ ಬೆರೆಸುವ ಕಲಬೆರಕೆ ಗೊತ್ತಿರುವ ವಿಷಯವೇ. ಕಾಡಿನಲ್ಲಿ ಸೀತಾ ಅಶೋಕ ಕಮ್ಮಿಯಾಗುತ್ತಾ ಬಂದು, ಅಪಾಯದ ಅಂಚಿನಲ್ಲಿರುವ ಮರಗಳ ಪಟ್ಟಿ ಸೇರಿದೆ. ಊರಿನ ಅಂಗಳಗಳಲ್ಲಿ ಅದು ಉಳಿಯಬಹುದಿತ್ತು. ಅಶೋಕ ಬೇಕು ಅಂತ ಆಸೆಪಟ್ಟು ಬಂದವರಿಗೆಲ್ಲ ಅಶೋಕವನ್ನೇ ಕೊಟ್ಟಿದ್ದರೆ, ಈ ಇಷ್ಟು ವರ್ಷದಲ್ಲಿ ಎಷ್ಟು ಮನೆಗಳಲ್ಲಿ ಅದು ಹೂ ಬಿಡುತ್ತಿತ್ತು ಯೋಚಿಸಿ.

ಕೊನೆಗೆ 2017ರ ಮಳೆ ಶುರುವಾಗುವ ಹೊತ್ತಿಗೆ ತೀರ್ಥಹಳ್ಳಿಗೆ ಹೋಗಿ, ಮಾವನ ಮನೆಯ ಅದೇ ಮರದ ಕೆಳಗೆ ಬಿದ್ದಿದ್ದ ಬೀಜ ಆರಿಸಿ ತಂದೆ. 11 ಬೀಜ. ಚಪ್ಪಟೆ, ಕಂದು ಬಣ್ಣ, ಹೆಬ್ಬೆರಳಿಗಿಂತ ದೊಡ್ಡವು. ಇಟ್ಟರೆ ಕೆಡುತ್ತವೆ ಅಂತ ಅತ್ತೆ ಹೇಳಿದ್ದರಿಂದ ಬಂದ ದಿನವೇ ಮರಳು ಮಣ್ಣಿನಲ್ಲಿ ಹಾಕಿದೆ. 7 ಮೊಳೆತವು. ಮೊದಲ ತಾಮ್ರದ ಚಿಗುರನ್ನು ಅಮ್ಮ ನೋಡಿದಳು. ಹೂ ನೋಡಲು ಇರಲಿಲ್ಲ, 2018ರಲ್ಲಿ ಹೋಗಿಬಿಟ್ಟಳು. ಮರ ಮೊದಲ ಸಲ ಹೂ ಬಿಟ್ಟಿದ್ದು 2025ರಲ್ಲಿ. 2009ರಲ್ಲಿ ಕೇಳಿದ ಸಸಿಯೇ ಸಿಕ್ಕಿದ್ದರೆ ಅವಳು ನೋಡಬಹುದಿತ್ತೇನೋ. ಈ ಮಾತು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ಬರೆದೆ, ಯಾಕೆಂದರೆ ನಿಮ್ಮಲ್ಲಿಗೆ ಬರುವ ಬಹಳ ಜನ ಸುಮ್ನೆ ಗಿಡ ಕೊಳ್ಳಲು ಬಂದಿರುವುದಿಲ್ಲ. ಯಾರೋ ಕೇಳಿದ್ದಕ್ಕೆ, ಯಾರದೋ ನೆನಪಿಗೆ, ಮಗು ಹುಟ್ಟಿದ್ದಕ್ಕೆ ಬಂದಿರುತ್ತಾರೆ. ಅವರ ಕೈಗೆ ತಪ್ಪು ಗಿಡ ಹೋದರೆ ಗೊತ್ತಾಗುವುದು ಹತ್ತು ವರ್ಷ ಆದಮೇಲೆ.

ಸಂಪಿಗೆಯದೂ ಇಂಥದ್ದೇ ಕಥೆ. ಕಸಿ ಗಿಡ ಅಂತ ಹೇಳಿ ಬೀಜದ ಗಿಡ ಕೊಡುತ್ತಾರೆ. ಕಸಿಯದು ಎರಡು ಮೂರು ವರ್ಷಕ್ಕೆ ಹೂ ಬಿಡುತ್ತದೆ, ಬೀಜದ ಗಿಡಕ್ಕೆ ಏಳೆಂಟು ವರ್ಷವಾದರೂ ಕಾಯಬೇಕು. ಎರಡೂ ಒಳ್ಳೆಯವೇ. ಯಾವುದು ಅಂತ ಹೇಳಿ ಕೊಡಿ, ಸಾಕು. ಶ್ರೀಗಂಧ ಕೊಳ್ಳುವವರಿಗೆ ಅದು ಒಂಟಿಯಾಗಿ ಬದುಕುವ ಮರವಲ್ಲ ಅನ್ನುವುದನ್ನೇ ಹೇಳುವುದಿಲ್ಲ. ಗಂಧದ ಬೇರು ಪಕ್ಕದ ಗಿಡದ ಬೇರಿಗೆ ಅಂಟಿಕೊಂಡು ಆಹಾರ ಎಳೆಯುತ್ತದೆ. ಜೊತೆಗೆ ತೊಗರಿಯೋ ಮತ್ತೊಂದೋ ಆಸರೆ ಗಿಡ ಹಾಕದಿದ್ದರೆ ಸೊರಗಿ ಹೋಗುತ್ತದೆ. 2001ರಲ್ಲಿ ಕಾನೂನು ತಿದ್ದುಪಡಿಯಾಗಿ, ನಮ್ಮ ಜಮೀನಿನಲ್ಲಿ ಬೆಳೆದ ಗಂಧ ನಮ್ಮದೇ ಆಯಿತು. ಅಂದಿನಿಂದ ಎಷ್ಟೋ ಜನ ಆಸೆಯಿಂದ ಕೊಂಡೊಯ್ದು ನೆಟ್ಟಿದ್ದಾರೆ. ನನ್ನ ಹಳೇ ವಿದ್ಯಾರ್ಥಿಯೊಬ್ಬ 5 ಸಸಿ ಹಾಕಿ ಐದನ್ನೂ ಕಳೆದುಕೊಂಡ. ಮಣ್ಣು ಸರಿ ಇಲ್ಲ ಅಂತ ಅವನು ಇವತ್ತಿಗೂ ನಂಬಿದ್ದಾನೆ.

ಈಗ ಯಾವ ಮರ ಬೆಳೆಸುತ್ತೀರಿ ಅನ್ನುವುದಕ್ಕೆ ಬರುತ್ತೇನೆ. ಹೊರಗಿನಿಂದ ಬಂದ ಮರ ಬೇಡವೇ ಬೇಡ ಅನ್ನುವವಳು ನಾನಲ್ಲ. ಗುಲ್‌ಮೊಹರ್ ಮಡಗಾಸ್ಕರಿನದು, ಜಕರಂಡ ದಕ್ಷಿಣ ಅಮೆರಿಕದ್ದು. ದೇವಸ್ಥಾನದ ಮುಂದೆ ಕೈಮುಗಿಯುವ ನಾಗಲಿಂಗ ಪುಷ್ಪದ ಮರವೂ ಅಲ್ಲಿಂದಲೇ ಬಂದದ್ದು, ದೇವಕಣಗಿಲೆಯೂ ಅಮೆರಿಕದ ಕಡೆಯದು. ಅವನ್ನೆಲ್ಲ ಈಗ ಪರದೇಶಿ ಅಂದರೆ ನನಗೇ ಬೇಜಾರಾಗುತ್ತದೆ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಸಸ್ಯತಜ್ಞ ಕ್ರುಂಬಿಗಲ್ ಒಂದು ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವ ಹಾಗೆ ಬೆಂಗಳೂರಿಗೆ ಮರ ಆರಿಸಿದರು. ಅವರು ಹೊರಗಿನ ಮರವನ್ನೂ ತಂದರು. ಆದರೆ ಪ್ರತಿಯೊಂದು ಮರ ಯಾವ ತಿಂಗಳು ಏನು ಮಾಡುತ್ತದೆ ಅಂತ ತಿಳಿದುಕೊಂಡು ನೆಡಿಸಿದರು. ಆ ತಿಳಿವಳಿಕೆಯನ್ನೇ ನಾನು ನಿಮ್ಮಿಂದ ಕೇಳುತ್ತಿರುವುದು.

ಕೊನೊಕಾರ್ಪಸ್ ಮಾತ್ರ ದಯವಿಟ್ಟು ನಿಲ್ಲಿಸಿ. ಬೇಗ ಬೆಳೆಯುತ್ತದೆ, ಹಸಿರು ಗೋಡೆಯ ಹಾಗೆ ನಿಲ್ಲುತ್ತದೆ ಅಂತ ಬಡಾವಣೆಗಳಿಗೆ ಲೋಡುಗಟ್ಟಲೆ ಹೋಗುತ್ತಿದೆ. ಅದರ ಬೇರು ಪೈಪು, ಚರಂಡಿಗಳಿಗೆ ನುಗ್ಗುತ್ತದೆ, ಪರಾಗದಿಂದ ಉಸಿರಾಟದ ತೊಂದರೆ ಆಗುತ್ತದೆ ಅನ್ನುವ ಕಾರಣಕ್ಕೆ ಗುಜರಾತ್ ಸರ್ಕಾರ 2023ರಲ್ಲೇ ಅದನ್ನು ನೆಡಬಾರದು ಅಂತ ಆದೇಶ ಮಾಡಿದೆ. ನಾವು ಇನ್ನೂ ಅದಕ್ಕೆ ಗುಂಡಿ ತೋಡುತ್ತಿದ್ದೇವೆ.

ದೇವರಾಯನದುರ್ಗ ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ವರ್ಷಕ್ಕೆ ನಾಲ್ಕೈದು ಸಲವಾದರೂ ಹೋಗುತ್ತೇನೆ. ಬೇಸಿಗೆಯಲ್ಲಿ ಆ ಕುರುಚಲು ಕಾಡಿನಲ್ಲಿ ಕಕ್ಕೆ ಹಳದಿ ಜಡೆ ಬಿಟ್ಟಿರುತ್ತದೆ. ಕೆಳಗೆ ಊರುಗಳ ಅಂಚಿನಲ್ಲಿ ಹೊಂಗೆ ಹಳೇ ಎಲೆಯನ್ನೆಲ್ಲ ಉದುರಿಸಿ, ಸರಿಯಾಗಿ ಬಿಸಿಲು ಏರುವ ಹೊತ್ತಿಗೆ ಹೊಸ ಎಲೆ ಹೊತ್ತು ನಿಲ್ಲುತ್ತದೆ. ಎಂಥ ಲೆಕ್ಕಾಚಾರ ಅದರದ್ದು! ಇಪ್ಪೆ, ದಿಂಡಿಗ, ಮುತ್ತುಗ, ಕಮರ, ಇವು ನಮ್ಮ ಬಯಲುಸೀಮೆಯ ಮಳೆ ಎಷ್ಟು, ಮಣ್ಣು ಎಂಥದ್ದು ಅಂತ ಬಲ್ಲ ಮರಗಳು. ಎರಡಡಿ ಕೆಂಪು ಮಣ್ಣು, ಕೆಳಗೆ ಬರೀ ಗರಸು ಇರುವ ಕಡೆಯೂ ಬದುಕುತ್ತವೆ. ಇವುಗಳಲ್ಲಿ ಹೊಂಗೆ ಬಿಟ್ಟರೆ ಬೇರೊಂದು ಸಸಿಯನ್ನು ನಾನು ಖಾಸಗಿ ನರ್ಸರಿಯಲ್ಲಿ ಕಂಡಿಲ್ಲ. ಕೇಳಿದರೆ “ಅದು ಕಾಡುಗಿಡ ಮೇಡಂ, ಯಾರು ಕೊಳ್ತಾರೆ?” ಅನ್ನುತ್ತಾರೆ. ಸರ್ಕಾರಿ ಸಸ್ಯಕ್ಷೇತ್ರದಲ್ಲಿ ಕೆಲವು ಇರುತ್ತವೆ. ಆದರೆ ಮನೆಗೆ ಒಂದೋ ಎರಡೋ ಬೇಕು ಅಂತ ಹೋದವರಿಗೆ, ಅವು ಲೆಕ್ಕದ ಸಸಿ, ಯೋಜನೆಗೆ ಹೋಗಬೇಕು ಅನ್ನುವ ಉತ್ತರ ಸಿಗುತ್ತದೆ. ಜುಲೈ ಮೊದಲ ವಾರ ವನಮಹೋತ್ಸವ. 1950ರಿಂದ ನಡೆದುಕೊಂಡು ಬಂದಿದೆ. ಆ ವಾರ ಲಾರಿ ತುಂಬ ಸಸಿ ಹೊರಡುತ್ತವೆ. ಮನೆಯ ಮುಂದೆ ಒಂದು ಮರ ಇಟ್ಟು ದಿನಾ ಎರಡು ಬಿಂದಿಗೆ ನೀರು ಹಾಕುವವರು ಮಾತ್ರ ಬರಿಗೈಯಲ್ಲಿ ಬರುತ್ತಾರೆ. ಆ ಸಸಿ ಖಂಡಿತ ಬದುಕುತ್ತದೆ ಸ್ವಾಮಿ. ನೂರು ಸಸಿಗೆ ಒಬ್ಬ ಕಾವಲುಗಾರ ಇರುವ ಕಡೆಗಿಂತ, ಒಂದು ಸಸಿಗೆ ಒಂದು ಮನೆ ಇರುವ ಕಡೆ ಮರ ಉಳಿಯುತ್ತದೆ.

ಊರಿನ ಗಿಡ ಯಾಕೆ ಬೇಕು ಅಂತ ಕೇಳಿದವರಿಗೆ ನಾನು ನಮ್ಮ ಬಿಲ್ವದ ಗಿಡ ತೋರಿಸುತ್ತೇನೆ. ಒಂದು ಮಳೆಗಾಲದಲ್ಲಿ ಎಳೆ ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಂಡಿತು. ಒರೆಸಲು ಹೋದರೆ ಅದು ಕದಲಿತು. ಚಿಟ್ಟೆಯ ಮರಿಹುಳ. ಹಕ್ಕಿಗಳ ಕಣ್ಣು ತಪ್ಪಿಸಲು ಆ ವೇಷ. ಒಂದು ವಾರದಲ್ಲಿ ಮೈ ಹಸಿರಾಯಿತು. ಆಮೇಲೆ ಕಡ್ಡಿಗೆ ದಾರ ಕಟ್ಟಿಕೊಂಡು ಕೋಶವಾಯಿತು. ಒಂದು ಬೆಳಗ್ಗೆ ಕಪ್ಪು ಹಳದಿ ಚುಕ್ಕೆಯ ನಿಂಬೆ ಚಿಟ್ಟೆ ಹೊರಗೆ ಬಂದು, ರೆಕ್ಕೆ ಒಣಗುವವರೆಗೆ ಅಲ್ಲೇ ಕೂತಿತ್ತು. ನನ್ನ ಮೊಮ್ಮಗಳು ಆ ದಿನ ಶಾಲೆಗೆ ತಡವಾಗಿ ಹೋದಳು. ಕಕ್ಕೆಯ ಎಲೆಗೂ ಹೀಗೇ ಹಳದಿ ಚಿಟ್ಟೆಯ ಹುಳ ಬೀಳುತ್ತದೆ. ಎಲೆ ತಿಂದುಹಾಕಿತು ಅಂತ ಜನ ಔಷಧಿ ಕೇಳಲು ನಿಮ್ಮಲ್ಲಿಗೆ ಬಂದಾಗ ಬಾಟಲಿ ಕೊಡಬೇಡಿ. ಎರಡು ವಾರ ಸುಮ್ಮನಿರಿ, ಗಿಡ ಮತ್ತೆ ಚಿಗುರುತ್ತದೆ ಅಂತ ಹೇಳಿ ಕಳಿಸಿ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಊರಿನ ಮರದ ಬೀಜ ಹುಡುಕುವುದೇ ಒಂದು ಕೆಲಸ. ನೇರಳೆ, ಹಲಸು, ಬೇವಿನ ಬೀಜ ಬಿದ್ದ ಕೆಲವೇ ದಿನದಲ್ಲಿ ಹಾಕದಿದ್ದರೆ ಮೊಳೆಯುವುದಿಲ್ಲ. ಕಕ್ಕೆಯದು ಇದಕ್ಕೆ ತದ್ವಿರುದ್ಧ, ಗಟ್ಟಿ ಸಿಪ್ಪೆಯನ್ನು ಉಜ್ಜಿ ಸವೆಸದಿದ್ದರೆ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಹೊರಗಿನ ಅಲಂಕಾರದ ಗಿಡ ಆದರೆ ದೊಡ್ಡ ನರ್ಸರಿಗಳಿಂದ ಲಾರಿಯಲ್ಲಿ ಬಂದು ಇಳಿಯುತ್ತದೆ, ನೀರು ಹಾಕಿದರೆ ಆಯಿತು. ಒಂದು ಚೀಲದ ಮೇಲೆ ಸಿಗುವ ಲಾಭವೂ ಅಷ್ಟಕ್ಕಷ್ಟೇ. ಹೀಗಿರುವಾಗ ದಿಂಡಿಗದ ಬೀಜ ಹುಡುಕಿಕೊಂಡು ಯಾರು ಅಲೆಯುತ್ತಾರೆ ಅನ್ನುವುದು ನ್ಯಾಯವಾದ ಪ್ರಶ್ನೆಯೇ.

ಆದರೆ ಅಲೆದವರು ನಮ್ಮ ನಡುವೆಯೇ ಇದ್ದರು. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಗೆ ಹೋದವರಲ್ಲ. ದಿನಗೂಲಿಗೆ ಸಸ್ಯಕ್ಷೇತ್ರದ ಕೆಲಸಕ್ಕೆ ಸೇರಿದವರು. ಯಾವ ಜಾತಿಗೆ ಕಾಡಿನ ಯಾವ ಮರ ತಾಯಿಮರ, ಅದರ ಬೀಜ ಯಾವಾಗ ಆರಿಸಬೇಕು ಅನ್ನುವುದು ಅವರಿಗೆ ಕರತಲಾಮಲಕ. ಅವರಿಗೆ ಪದ್ಮಶ್ರೀ ಬಂದಾಗ ಬರಿಗಾಲಲ್ಲಿ ಹೋಗಿ ಪಡೆದ ಚಿತ್ರವನ್ನು ನಾವೆಲ್ಲ ನೋಡಿ ಹೆಮ್ಮೆಪಟ್ಟೆವು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರ ಫೋಟೋ ಇಟ್ಟು ಹಾರ ಹಾಕಿದ ಸಸ್ಯಕ್ಷೇತ್ರಗಳಲ್ಲಿ, ಈ ಸಸಿಯ ಬೀಜ ಯಾವ ಮರದ್ದು ಅಂತ ಕೇಳಿದರೆ ಎಷ್ಟು ಕಡೆ ಉತ್ತರ ಸಿಗುತ್ತದೆ? ನಮ್ಮದೇ ಜಿಲ್ಲೆಯ ಚೇಳೂರಿನ ಸಿದ್ದು ಹಲಸನ್ನು ನೋಡಿ. ಒಬ್ಬ ರೈತರ ತೋಟದ ಒಂದೇ ಮರ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 2017ರಲ್ಲಿ ಆ ರೈತರ ಜೊತೆ ಒಪ್ಪಂದ ಮಾಡಿಕೊಂಡು ಕಸಿ ಗಿಡ ಮಾಡಿಸಿದರು. ಇವತ್ತು ಆ ಗಿಡ ಕೊಳ್ಳುವವರಿಗೆ ಅದರ ತಾಯಿ ಯಾವುದು ಅಂತ ಗೊತ್ತು. ತಿನ್ನುವ ಹಣ್ಣಿಗೆ ಇದು ಆಗುತ್ತದೆ ಅಂದರೆ, ನೆರಳಿಗೆ, ಹೂವಿಗೆ ಇಡುವ ಮರಕ್ಕೆ ಯಾಕಾಗಬಾರದು?

ನಮ್ಮೂರಿನ ಒಂದು ನರ್ಸರಿಯಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರಿದ್ದಾರೆ. ಹೋದ ವರ್ಷ ಒಂದು ದೊಡ್ಡ ರಂಜಲು ಗಿಡಕ್ಕೆ ನಾನು ಕೈ ಹಾಕಿದಾಗ, ಮಾಲೀಕರು ಅತ್ತ ಹೋದ ಮೇಲೆ ಹತ್ತಿರ ಬಂದು, “ಅದು ಬ್ಯಾಡ ಅಮ್ಮ, ಮೂರು ವರ್ಷದಿಂದ ಅಲ್ಲೇ ಐತೆ. ಈ ಚಿಕ್ಕದು ತಗಳಿ, ನಾನೇ ಈ ಸಲ ಬೀಜ ಹಾಕಿದ್ದು” ಅಂದರು. ಅಂಗೈಯಗಲದ ಆ ಗಿಡ ಈಗ ನನ್ನ ಎದೆಯೆತ್ತರಕ್ಕೆ ಬಂದಿದೆ. ಅವರು ಪಿಸುಗುಟ್ಟಿ ಹೇಳಿದ್ದನ್ನು ನೀವೆಲ್ಲರೂ ಬೋರ್ಡು ಹಾಕಿ ಹೇಳಬೇಕು ಅನ್ನುವುದೇ ನನ್ನ ಬೇಡಿಕೆ.

ಬಿಡಿಸಿ ಹೇಳುವುದಾದರೆ ಹೀಗೆ. ಬೀಜ ಹಾಕಿದ ತಿಂಗಳು, ವರ್ಷ ಚೀಲದ ಮೇಲೋ, ಸಾಲಿನ ತುದಿಯಲ್ಲಿ ಒಂದು ಹಲಗೆಯ ಮೇಲೋ ಬರೆಯಿರಿ. ಸುಣ್ಣದಲ್ಲಿ ಬರೆದರೂ ಸಾಕು. ಸಣ್ಣ ಚೀಲದಲ್ಲಿ ವರ್ಷ ಮೀರಿದ ಸಸಿಯನ್ನು ದೊಡ್ಡ ಚೀಲಕ್ಕೆ ಬದಲಾಯಿಸುವಾಗ ತಳದ ಸುರುಳಿ ಕತ್ತರಿಸಿ ಬದಲಾಯಿಸಿ. ಅದು ಆಗದಷ್ಟು ಹಳೆಯದ್ದಾದರೆ ಮಾರಬೇಡಿ, ಯಾವ ಬೆಲೆಗೂ ಮಾರಬೇಡಿ. ನೆಟ್ಟುಕೊಡಲು ಹೋಗುವ ಹುಡುಗರಿಗೆ ಚೀಲ ಪೂರ್ತಿ ಬಿಚ್ಚುವುದನ್ನು, ಬೇರು ಬಿಡಿಸುವುದನ್ನು ಕಲಿಸಿ. ಹೆಸರು ಎರಡು ಇರಲಿ, ನಮ್ಮ ಆಡುಮಾತಿನದು ಒಂದು, ಶಾಸ್ತ್ರದ್ದು ಒಂದು. ಆಗ ಯಾವ ಅಶೋಕ ಅನ್ನುವ ಗೊಂದಲವೇ ಬರುವುದಿಲ್ಲ. 20 ವರ್ಷಕ್ಕೆ ಮರ ಎಷ್ಟು ಎತ್ತರ, ಎಷ್ಟು ಅಗಲ ಆಗುತ್ತದೆ ಅಂತ ಹೇಳಿ. 30-40ರ ಸೈಟಿನವರು ಮಳೆಮರ ಕೇಳಿದರೆ ಬೇಡ ಅನ್ನಿ. ಪಾರಿಜಾತ, ಬಸವನಪಾದ, ನೆಲ್ಲಿ, ಬಿಲ್ವ, ಕಕ್ಕೆ ಇವೆ, ಸಣ್ಣ ಅಂಗಳಕ್ಕೆ ಹೊಂದುತ್ತವೆ. ಮೇಲೆ ಕರೆಂಟ್ ತಂತಿ ಇದೆಯಾ ಅಂತ ಒಂದು ಮಾತು ಕೇಳಿ. ಆ ಒಂದು ಪ್ರಶ್ನೆಯಿಂದ ಎಷ್ಟೋ ಮರಗಳ ತಲೆ ಉಳಿಯುತ್ತದೆ.

ಸರ್ಕಾರಿ ಸಸ್ಯಕ್ಷೇತ್ರದ ಅಧಿಕಾರಿಗಳಲ್ಲಿ ಇನ್ನೂ ಒಂದು ವಿನಂತಿ. ಪ್ರತಿ ವರ್ಷ ಬೆಳೆಸುವುದರಲ್ಲಿ ಒಂದು ಪಾಲನ್ನು, ಚಿಕ್ಕದೇ ಆಗಲಿ, ಮನೆಯಂಗಳದವರಿಗೆ ಅಂತಲೇ ಎತ್ತಿಡಿ. ಆಯಾ ಜಿಲ್ಲೆಯ ಕಾಡಿನ ಮರಗಳೇ ಇರಲಿ. ಯಾವ ಸಸಿ ಎಷ್ಟು ಇದೆ ಅಂತ ಮೇ ತಿಂಗಳಲ್ಲೇ ಗೇಟಿನ ಮೇಲೆ ಬರೆದು ಹಾಕಿದರೆ, ನಾವು ಗುಂಡಿ ತೋಡಿಟ್ಟುಕೊಂಡು ಬರುತ್ತೇವೆ.

ಕೊಳ್ಳುವ ನಾವೂ ಬದಲಾಗಬೇಕು, ಒಪ್ಪುತ್ತೇನೆ. ದೊಡ್ಡ ಗಿಡವೇ ಬೇಕು, ನಾಳೆಯೇ ಹೂ ಬೇಕು ಅಂತ ಕೇಳುವವರು ನಾವೇ. ಸಸಿ ಒಂದಕ್ಕೆ ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಅಂದರೆ ಚೌಕಾಸಿ ಮಾಡುತ್ತೇವೆ. ಸರಿಯಾದ ಹೆಸರು, ಸರಿಯಾದ ಬೇರು ಇರುವ ಚಿಕ್ಕ ಸಸಿಗೆ ನಾನಂತೂ ಕೇಳಿದಷ್ಟು ಕೊಡುತ್ತೇನೆ, ನನ್ನ ಹಾಗೆ ಕೊಡುವವರು ಬಹಳ ಜನ ಇದ್ದಾರೆ.

ನಮ್ಮ ಅಶೋಕ ಈ ಸಲ ಮೊದಲ ಬಾರಿಗೆ ಕಾಯಿ ಕಟ್ಟಿದೆ. ಬೀಜ ಬಿದ್ದ ದಿನವೇ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದುಕೊಡುತ್ತೇನೆ, ದುಡ್ಡು ಬೇಡ, ಬೆಳೆಸುವವರು ಯಾರಾದರೂ ಮುಂದೆ ಬನ್ನಿ. ಹೊಳೆದಾಸವಾಳ ಇದ್ದ ಜಾಗವನ್ನು ಎರಡಡಿ ಅಗಲ, ಎರಡಡಿ ಆಳ ತೋಡಿಸಿ ಗೊಬ್ಬರ ಹಾಕಿ ಬಿಟ್ಟಿದ್ದೇನೆ. ಅಲ್ಲಿಗೆ ಮತ್ತೆ ಹೊಳೆದಾಸವಾಳವೇ ಬೇಕು. ಮೃಗಶಿರಾ ಮಳೆ ಬಿದ್ದ ಮೇಲೆ ನಿಮ್ಮಲ್ಲಿಗೆ ಬರುತ್ತೇನೆ. ದುಡ್ಡು ಕೊಟ್ಟು, ಅಲ್ಲೇ ಕೂತು ಚೀಲ ಬಿಚ್ಚಿ ಬೇರು ನೋಡುತ್ತೇನೆ. ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ
ತುಮಕೂರು